ಮೂರರ ಸದ್ದು

ಕೊಟ್ರಯ್ಯ ಮೇಸ್ತ್ರಿಯವರನ್ನು ನೆನೆದರೆ ನನಗೆ ಮೊದಲು ಕಾಣಿಸುವುದು ಅವರ ಹಲ್ಲು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು, ಅದರ ಕಬ್ಬಿಣದ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ತಾಗಿಸಿ, ಕಣ್ಣು ಮುಚ್ಚಿ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು. ಹತ್ತು ಹೆಜ್ಜೆ ಆಚೆ ರಸ್ತೆಯಲ್ಲಿ ಅದಿರಿನ ಲಾರಿಗಳು ಹಾರ್ನ್ ಹೊಡೆಯುತ್ತ ಸಾಲುಗಟ್ಟಿ ಹೋಗುತ್ತಿದ್ದರೂ ಅವರ ಮುಖದ ಒಂದು ಗೆರೆ ಅಲುಗುತ್ತಿರಲಿಲ್ಲ. ಅರ್ಧ ನಿಮಿಷವಾದ ಮೇಲೆ ಸ್ಕ್ರೂಡ್ರೈವರ್ ತೆಗೆದು, ತುಟಿ ಒರೆಸಿಕೊಂಡು, ಗಾಡಿಯ ಕಾಯಿಲೆ ಹೇಳುತ್ತಿದ್ದರು. ಅವರು ಹೇಳಿದ್ದು ತಪ್ಪಾದದ್ದನ್ನು ನಾನು ಕಾಣೆ.

ಹಲ್ಲಿನಿಂದ ಕೇಳುತ್ತಿದ್ದರು, ಯಾಕೆಂದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹದಿನೆಂಟನೆಯ ವಯಸ್ಸಿಗೆ ಸಂಡೂರಿನ ಗುಡ್ಡದಲ್ಲಿ ಗಣಿಯೊಂದಕ್ಕೆ ಕಂಪ್ರೆಸರ್ ರಿಪೇರಿ ಕೆಲಸಕ್ಕೆ ಸೇರಿದವರು, ಕಲ್ಲು ಕೊರೆಯುವ ಯಂತ್ರಗಳ ಪಕ್ಕದಲ್ಲಿ ಹನ್ನೆರಡು ವರ್ಷ ಕಳೆದಿದ್ದರು. ಬಲಗಿವಿಯನ್ನು ಅಲ್ಲೇ ಬಿಟ್ಟು ಬಂದರು. ಎಡಗಿವಿ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿತ್ತು. ಹಲ್ಲಿನಿಂದ ತಲೆಬುರುಡೆಗೆ ಏರುವ ಸದ್ದು ಮಾತ್ರ ಇನ್ನೂ ಅವರ ಪಾಲಿಗೆ ಉಳಿದಿತ್ತು. ಸ್ಕ್ರೂಡ್ರೈವರಿನ ಹಿಡಿಯನ್ನು ಹುಣಸೆ ಮರದಿಂದ ಅವರೇ ಕೆತ್ತಿಕೊಂಡಿದ್ದರು. ಅದರ ಮೇಲೆ ಹಲ್ಲಿನ ಎರಡು ಸಾಲು ಗುರುತು ಎಷ್ಟು ಆಳವಾಗಿ ಕೂತಿತ್ತೆಂದರೆ, ಬೇರೆ ಯಾರೇ ಕಚ್ಚಿದರೂ ಅದು ಅವರ ಬಾಯಿಗೆ ಹೊಂದುತ್ತಿರಲಿಲ್ಲ.

ಅವರ ಷೆಡ್ಡು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಊರು ಮುಗಿಯುವಲ್ಲಿತ್ತು. ಬೋರ್ಡು ಇರಲಿಲ್ಲ. ಮೇಸ್ತ್ರಿ ಜಂಗಮರಾದ್ದರಿಂದ ಎಲ್ಲರೂ ಅದನ್ನು ಅಯ್ಯನೋರ ಗ್ಯಾರೇಜು ಎನ್ನುತ್ತಿದ್ದರು. ನಾನು ಆಗ ಹಂಪಿ ಕಡೆಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೆ. ದಿನವೂ ಮೊಪೆಡ್‌ನಲ್ಲಿ ಹೋಗಿ ಬರುತ್ತಿದ್ದೆ. ಆ ವರ್ಷಗಳಲ್ಲಿ ನಮ್ಮ ಸೀಮೆಗೆ ಒಂದೇ ಬಣ್ಣ. ಬೇವಿನ ಎಲೆ, ಒಣಹಾಕಿದ ಸೀರೆ, ಹಾಲಿನವನ ಕ್ಯಾನು, ಎಲ್ಲದರ ಮೇಲೂ ಅದಿರಿನ ಕೆಂಪು. ಆ ಕೆಂಪು ನನ್ನ ಮೊಪೆಡ್ಡಿನ ಒಳಗೂ ಇಳಿದು, ಅದು ದಾರಿಯಲ್ಲಿ ನಿಲ್ಲತೊಡಗಿದಾಗ ನಾನು ಆ ಷೆಡ್ಡಿಗೆ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಮೊಳೆಗೆ ನೇತುಹಾಕಿದ್ದ ಪಾಟಿಯನ್ನೂ ಒಂದು ತುಂಡು ಬಳಪವನ್ನೂ ನನ್ನ ಕೈಗೆ ಕೊಟ್ಟರು. ಮಕ್ಕಳು ಶಾಲೆಯಲ್ಲಿ ಬರೆಯುವ, ಮರದ ಚೌಕಟ್ಟಿನ ಕರಿ ಪಾಟಿ. "ಮಾತಾಡಬ್ಯಾಡವ್ವ. ಏನಾಗೈತಿ ಬರದು ತೋರ್ಸು" ಎಂದರು. ನಾನು ಕಡಿಮೆ ಮಾತಿನವಳು. ಅಪರಿಚಿತರೊಂದಿಗೆ ಮಾತು ಶುರು ಮಾಡುವುದೆಂದರೆ ನನಗೆ ಈಗಲೂ ಕಷ್ಟ. ಆ ಪಾಟಿ ಕೈಗೆ ಬಂದಾಗ ಆದ ನೆಮ್ಮದಿಯನ್ನು ಮರೆತಿಲ್ಲ. ಬರೆದೆ: ನಾಲ್ಕು ಕಿಲೋಮೀಟರ್ ಓಡಿದ ಮೇಲೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಶುರುವಾಗುತ್ತದೆ. ಬೆಳಿಗ್ಗೆಗಿಂತ ಮಧ್ಯಾಹ್ನ ಹೆಚ್ಚು. ಏರಿನಲ್ಲಿ ಪ್ರತಿ ಸಲ.

ಅವರು ಅದನ್ನು ಎರಡು ಸಲ ಓದಿದರು.

"ಇಷ್ಟು ಚೊಲೋ ಹೇಳೋರು ಯಾರೂ ಇಲ್ಲ ಯವ್ವ. ಬಂದೋರೆಲ್ಲ ಗಾಡಿ ಓಡವಲ್ದು ಅಂತಾರ. ಓಡವಲ್ದು ಅನ್ನೋದು ನಂಗೂ ಕಾಣತೈತಿ. ಓಡಿದ್ರ ಇಲ್ಲಿಗ್ಯಾಕ ತರ್ತಿದ್ರು?"

ಆಮೇಲೆ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯ ಒಳಗೆ ಸೇರಿಸಿ, ಗುಂಡಿ ಹಾಕಿಕೊಂಡು, ಕೂತರು. ಎಂಜಿನ್ ಮುಟ್ಟುವ ಮೊದಲು ಪ್ರತಿ ಸಲವೂ ಹೀಗೆ ಮಾಡುತ್ತಿದ್ದರು. ಷೆಡ್ಡಿನ ಹಿಂದೆಯೇ ಮನೆ. ಅವರ ಹೆಂಡತಿ ಬಸಮ್ಮನವರು ಅಲ್ಲಿಂದ ಒಂದು ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟರು. ಮೇಸ್ತ್ರಿ ಕುಡಿಯಲಿಲ್ಲ. ಲೋಟವನ್ನು ಮೊಪೆಡ್ಡಿನ ಸೀಟಿನ ಮೇಲೆ ಇಟ್ಟರು. ಕೆಲಸ ಮಾಡುವಾಗ ನಡುನಡುವೆ ಆ ನೀರನ್ನು ನೋಡುತ್ತಿದ್ದರು. ಎಂಜಿನ್ ಅದುರಿದ ಹಾಗೆ ನೀರೂ ಅದುರುತ್ತಿತ್ತು. ಕೆಲಸ ಮುಗಿದಾಗ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದು, ಪಾಟಿಯ ಮೇಲೆ ನಾನು ಬರೆದದ್ದನ್ನು ಎಡ ಮೊಣಕೈಯಿಂದ ಒರೆಸಿ, ಮೊಳೆಗೆ ನೇತುಹಾಕಿದರು. "ಮುಗದ ಕೆಲಸ ಪಾಟಿ ಮ್ಯಾಲ ಇರಬಾರ್ದು. ಬಾಕಿ ಇದ್ದದ್ದು ಇರಬೇಕು" ಎಂದರು. ನಾನು ಕೇಳಿರಲಿಲ್ಲ. ಅವರೇ ಹೇಳಿದರು.

ಅದಾದ ಮೇಲೆ ಮೊಪೆಡ್ಡಿಗೆ ಏನೂ ಆಗದಿದ್ದರೂ ಭಾನುವಾರಗಳಲ್ಲಿ ಅಲ್ಲಿಗೆ ಹೋಗುವುದು ನನಗೆ ಅಭ್ಯಾಸವಾಯಿತು. ಬಸಮ್ಮನವರು ಒಗ್ಗರಣೆ ಮಂಡಕ್ಕಿ ಕೊಟ್ಟು ಕೂರಿಸುತ್ತಿದ್ದರು. ಮೇಸ್ತ್ರಿ ಕೆಲಸ ಮಾಡುತ್ತಲೇ ಏನಾದರೂ ಹೇಳುತ್ತಿದ್ದರು. ಕಿವಿ ಕೇಳದವರು ಕೂಗಿ ಮಾತಾಡುತ್ತಾರೆ ಎಂದು ನಾನು ತಿಳಿದಿದ್ದೆ. ಅವರದು ಮೆಲುದನಿ. ಒಮ್ಮೆ, ಪ್ರಾಯದಲ್ಲಿ, ಹಂಪಿಯಲ್ಲಿ ಸ್ವರ ಹೊರಡಿಸುವ ಕಲ್ಲಿನ ಕಂಬಗಳಿವೆಯೆಂದು ಕೇಳಿ, ಸ್ಕ್ರೂಡ್ರೈವರ್ ಸಮೇತ ಹೋಗಿದ್ದರಂತೆ. ಕಂಬಕ್ಕೆ ಅದನ್ನು ತಾಗಿಸಿ, ಹಲ್ಲಿಗೆ ಕಚ್ಚಿ, ಬೆರಳಿನಿಂದ ಕಂಬ ತಟ್ಟುತ್ತ ನಿಂತಿದ್ದಾಗ ಕಾವಲುಗಾರ ಓಡಿ ಬಂದು ಕೊರಳಪಟ್ಟಿ ಹಿಡಿದ. ಕಲ್ಲು ಕಳ್ಳತನ ಮಾಡಲು ಬಂದವನೆಂದು ಅವನಿಗೆ ಅನುಮಾನ. ಎಂಜಿನ್ನಿನ ಬಡಿತ ತಪ್ಪುವುದಕ್ಕೆ ಗ್ಯಾರೇಜಿನವರು ಹೇಳುವ ಮಾತಿನಲ್ಲೇ ಮೇಸ್ತ್ರಿ ಅವನಿಗೆ ಹೇಳಿದ್ದು ಇಷ್ಟೇ: "ಒಂದು ಕಂಬದಾಗೂ ಮಿಸ್ಸಿಂಗ್ ಇಲ್ರಿ. ಮಾಡಿದೋನು ಭಾಳ ದೊಡ್ಡ ಮೇಸ್ತ್ರಿ."

ಷೆಡ್ಡಿನ ಮೂಲೆಯಲ್ಲಿ ಹಳೆಯ ಜಮಖಾನ ಹೊದ್ದು ಏನೋ ಒಂದು ನಿಂತಿರುತ್ತಿತ್ತು. ಎಮ್ಮೆ ಮಲಗಿದಷ್ಟು ಜಾಗ ಹಿಡಿದಿತ್ತು. ಅದೇನೆಂದು ನಾನು ಕೇಳಲಿಲ್ಲ. ಕೇಳದೆ ಇದ್ದುದಕ್ಕೇ ಇರಬೇಕು, ಆರೇಳು ಭಾನುವಾರಗಳಾದ ಮೇಲೆ ಅವರೇ ಜಮಖಾನ ತೆಗೆದರು.

ಅಂಥ ಮೋಟರ್ ಸೈಕಲ್ಲನ್ನು ನಾನು ಅದುವರೆಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನಮ್ಮ ರಸ್ತೆಯ ಗಾಡಿಗಳೆಲ್ಲ ಅದರ ಮುಂದೆ ಸೈಕಲ್ಲುಗಳು. ಅಗಲವಾದ ಸೀಟು, ತುಂಬಿದ ಹೊಟ್ಟೆಯಂಥ ಟ್ಯಾಂಕು. ಮುಂದೆ, ಟ್ಯಾಂಕಿನ ಕೆಳಗೆ, ಲಾರಿಗಿರುವಂತೆ ನೀರು ತುಂಬುವ ರೇಡಿಯೇಟರ್. ಎರಡು ಸ್ಟ್ರೋಕಿನ ಎಂಜಿನ್ನು, ಮೂರು ಸಿಲಿಂಡರು. ಹಿಂದೆ ಹೋಗಿ ನೋಡಿದರೆ ನಾಲ್ಕು ಸೈಲೆನ್ಸರುಗಳು. ನಾನು ಎಣಿಸಿದೆ, ಮತ್ತೊಮ್ಮೆ ಎಣಿಸಿದೆ, ಪಾಟಿಯ ಮೇಲೆ ಬರೆದೆ: ಮೂರಕ್ಕೆ ನಾಲ್ಕು ಹೇಗೆ?

ಮೇಸ್ತ್ರಿಯ ಮುಖ ಅರಳಿತು. ಎಲ್ಲರೂ ಗಾಡಿಯ ಗಾತ್ರ ನೋಡಿ ಬೆರಗಾಗುತ್ತಾರೆ, ಲೆಕ್ಕ ಹಾಕಿದವಳು ನೀನೊಬ್ಬಳೇ ಎಂದರು. ನಡುವಿನ ಸಿಲಿಂಡರಿನ ಹೊಗೆಯನ್ನು ಇಬ್ಭಾಗ ಮಾಡಿ ಎರಡೂ ಕಡೆ ಒಂದೊಂದು ಸಣ್ಣ ಕೊಳವೆಗೆ ಬಿಟ್ಟಿದ್ದಾರೆ, ನೋಡಲು ಎರಡೂ ಮಗ್ಗುಲು ಸಮ ಇರಲಿ ಎಂದು. "ನಡುವಿನ ಕೂಸಿಗೆ ಎಲ್ಡು ಬಾಯಿ" ಎಂದು ಅದರ ಮೇಲೆ ಕೈಯಾಡಿಸಿದರು.

ಎಪ್ಪತ್ತರ ದಶಕದಲ್ಲಿ ಸಂಡೂರಿನ ಅದಿರು ಹಡಗೇರಿ ಜಪಾನಿಗೆ ಹೋಗುತ್ತಿತ್ತು. ಅದಿರಿನ ಗುಣ ಪರೀಕ್ಷಿಸಲು ಅಲ್ಲಿಂದ ಬಂದ ಎಂಜಿನಿಯರ್ ಒಬ್ಬರು ಗುಡ್ಡದ ಮೇಲೆ ಎರಡು ವರ್ಷ ಇದ್ದರು. ಮೇಸ್ತ್ರಿ ಅವರನ್ನು ಜಪಾನಿ ಸಾಹೇಬ ಎಂದಷ್ಟೇ ಕರೆಯುತ್ತಿದ್ದರು. ಸಾಹೇಬರು ಹಡಗಿನಲ್ಲಿ ತರಿಸಿಕೊಂಡಿದ್ದ ಈ ಗಾಡಿಯಲ್ಲಿ ರಜಾ ದಿನಗಳಲ್ಲಿ ದೂರ ದೂರ ಸುತ್ತುತ್ತಿದ್ದರು. ನೋಡಿಕೊಳ್ಳುವ ಕೆಲಸ ಕೊಟ್ರಯ್ಯನವರದು. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಕೈಸನ್ನೆಯಲ್ಲೇ ಎಂಜಿನ್ ಬಿಚ್ಚಿ ಜೋಡಿಸಿದರು. ಊರಿಗೆ ಹೊರಟಾಗ ಸಾಹೇಬರು ಕಾಗದಪತ್ರಗಳೊಂದಿಗೆ ಗಾಡಿಯನ್ನು ಇವರಿಗೇ ಕೊಟ್ಟು, ಎರಡೂ ಕೈ ಜೋಡಿಸಿ ಬಾಗಿದರಂತೆ. ಸಾಹೇಬರು ಬಾಗಿದ್ದು ತನಗೋ ಗಾಡಿಗೋ ಎಂಬುದು ಮೇಸ್ತ್ರಿಗೆ ಕೊನೆಯವರೆಗೂ ಬಗೆಹರಿದಿರಲಿಲ್ಲ.

ಅದಾಗಿ ಮೂರೇ ತಿಂಗಳಿಗೆ ಆಯುಧಪೂಜೆ ಬಂತು.

ಆ ದಿನ ನಮ್ಮಲ್ಲಿ ಹೂವಿಲ್ಲದ ಗಾಡಿ ರಸ್ತೆಗೆ ಇಳಿಯುವುದಿಲ್ಲ. ಲಾರಿಗೆ ಬಾಳೆಕಂದು, ಸೈಕಲ್ಲಿಗೂ ಒಂದೆಳೆ ಹಾರ. ಕೊಟ್ರಯ್ಯನವರು ಕಂಪ್ಲಿಯಿಂದ ಚೆಂಡುಹೂ ತರಿಸಿ, ತೋಳಿನಷ್ಟು ದಪ್ಪದ ಹಾರ ಕಟ್ಟಿಸಿ, ಗಾಡಿಯ ಮುಂದೆ ಮೂರು ಸುತ್ತು ಸುತ್ತಿದರು. ಎರಡೂ ಕಡೆ ಬಾಳೆಕಂದು ಕಟ್ಟಿದರು. ಗಣಿಯವರಿಗೆ ತೋರಿಸಬೇಕೆಂದು ಸಂಡೂರಿನ ಘಾಟಿ ಹತ್ತಿಸಿದರು. ಮುಂದಿನದನ್ನು ಅವರ ಬಾಯಲ್ಲೇ ಹೇಳಬೇಕು.

"ಬ್ಯಾರೆ ಗಾಡಿಗೆ ಹಾರ ಹಾಕಿದ್ರ ಏನೂ ಆಗಂಗಿಲ್ಲ ಯವ್ವ. ಇದು ಮೂಗಿನಿಂದ ಉಸಿರಾಡೋ ಗಾಡಿ, ಮುಂದಿನ ರೇಡಿಯೇಟರ ಇದರ ಮೂಗು. ಆ ಮೂಗಿಗೇ ನಾನು ಹೂವು ತುರುಕಿದೆ. ಕಾವು ತೋರ್ಸೋ ಮುಳ್ಳು ಕೆಂಪಿಗೆ ಹೋಗಿತ್ತು, ನಾ ನೋಡ್ಲಿಲ್ಲ. ಮಂದಿ ನನ್ನ ನೋಡಾಕತ್ತಿದ್ರಲ್ಲ, ನಾ ಮಂದೀನ್ನ ನೋಡಾಕತ್ತಿದ್ದೆ. ಅರ್ಧ ಘಾಟಿಗೆ ನಡುವಿನದು ಕಾದು ಕಚ್ಚಿಗೊಂಡು ಸೀಜ್ ಆತು. ಪೂಜಿ ಮಾಡಿ ಕೊಂದೆ."

ಬದಿಯ ಎರಡು ಸಿಲಿಂಡರು ಉಳಿದವು. ನಡುವಿನ ಪಿಸ್ಟನ್ ಕೆತ್ತಿಹೋಗಿತ್ತು. ಆ ಪಿಸ್ಟನ್ನಿಗಾಗಿ ಮದ್ರಾಸು, ಮುಂಬಯಿಗಳ ಗುಜರಿ ಬೀದಿಗಳನ್ನು ಅಲೆದರು. ಸಿಗಲಿಲ್ಲ. ಕೊನೆಗೆ ಕೆಟ್ಟದ್ದನ್ನೇ ಉಜ್ಜಿ ಕೂರಿಸಿ, ಅದಕ್ಕೆ ಕಿಡಿ ಕೊಡದೆ, ವರ್ಷಕ್ಕೊಮ್ಮೆ ಹಬ್ಬದ ದಿನ ಗಾಡಿಯನ್ನು ಎರಡೇ ಸಿಲಿಂಡರಿನಲ್ಲಿ ಶುರು ಮಾಡುತ್ತಿದ್ದರು. ಹೂವು ಇಡುತ್ತಿರಲಿಲ್ಲ. ನಾನು ಕಂಡ ಮೊದಲ ದಸರಾದಲ್ಲಿ ಹಾಗೆ ಶುರು ಮಾಡಿದಾಗ ಟ್ಯಾಂಕಿನ ಮೇಲಿಟ್ಟ ಲೋಟದ ನೀರು ಕುಣಿದು ಚೆಲ್ಲಿ, ಲೋಟವೂ ಉರುಳಿ ಬಿತ್ತು. ಮೇಸ್ತ್ರಿ ತಕ್ಷಣ ಎಂಜಿನ್ ಆರಿಸಿದರು.

ಅವತ್ತು ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಒಂದರ ಸದ್ದು ಬೀದಿ ತುಂಬ ಐತಿ. ಎರಡರದೂ ಹುಡುಕಿದ್ರ ಸಿಗತೈತಿ. ಮೂರರ ಸದ್ದು ಈ ಸೀಮ್ಯಾಗ ಇದೊಂದರಾಗ ಇತ್ತು. ಮೂರು ಮಂದಿ ಹೆಣ್ಮಕ್ಕಳು ಒಂದ ಒರಳಾಗ ಒನಕೆ ಹಾಕಿದಂಗ, ಒಂದಕ್ಕೊಂದು ಬಡಿಯಂಗಿಲ್ಲ, ನಡುವ ಸಂದೂ ಬಿಡಂಗಿಲ್ಲ. ಡಾಕ್ಟರು ಇನ್ನೊಂದು ವರ್ಷ, ಭಾಳಂದ್ರ ಎರಡು ವರ್ಷ ಕೇಳತೈತಿ ಅಂದಾರ. ಅಷ್ಟರಾಗ ಒಮ್ಮೆ ಅದನ್ನ ಕೇಳ್ಬೇಕು."

ಬೇರೇನೂ ಕೇಳಿಕೊಂಡವರಲ್ಲ ಅವರು. ಇದನ್ನೂ ನನ್ನನ್ನು ಕೇಳಿಕೊಳ್ಳಲಿಲ್ಲ, ಸುಮ್ಮನೆ ಹೇಳಿದರು. ಆದರೆ ನನಗೆ ಅಲ್ಲಿಂದ ಸುಮ್ಮನಿರಲು ಆಗಲಿಲ್ಲ.

ಗಾಡಿಯೊಂದಿಗೆ ಬಂದಿದ್ದ ಕೈಪಿಡಿಯೊಂದು ಅವರ ಬಳಿ ಇತ್ತು. ಬೇರೆ ಮನೆಗಳಲ್ಲಿ ಪುರಾಣ ಇಡುವ ಹಾಗೆ ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಕೆಳಗೆ ಇಟ್ಟಿದ್ದರು. ಇಂಗ್ಲಿಷಿನಲ್ಲಿತ್ತು. ಅವರು ಇಪ್ಪತ್ತೈದು ವರ್ಷ ಅದರ ಚಿತ್ರಗಳನ್ನು ಮಾತ್ರ ಓದಿದ್ದರು. ನಾನು ಭಾನುವಾರಕ್ಕೆ ಕೆಲವು ಪುಟಗಳಂತೆ ಕನ್ನಡದಲ್ಲಿ ಪಾಟಿಯ ಮೇಲೆ ಬರೆದು ತೋರಿಸತೊಡಗಿದೆ. ಒಂದು ಪಾಟಿ ಓದಿದ ಮೇಲೆ ಕಣ್ಣು ಮುಚ್ಚಿ ಒಳಗೆ ಇಳಿಸಿಕೊಂಡು, ಒರೆಸಿ, ಮುಂದಿನದಕ್ಕೆ ಕೈ ಚಾಚುತ್ತಿದ್ದರು. ಎಷ್ಟೋ ಕಡೆ ಪುಸ್ತಕ ಹೇಳುವ ಮೊದಲೇ ಅವರು ಹೇಳಿಬಿಡುತ್ತಿದ್ದರು. ಕೈಸನ್ನೆಯಲ್ಲಿ ಕಲಿತದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಆಗಷ್ಟೇ ಬಂದಿದ್ದ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ನಾನು ಇಂಥ ಗಾಡಿ ಇಟ್ಟುಕೊಂಡಿರುವವರನ್ನು ಹುಡುಕಿ ಪತ್ರ ಬರೆದೆ. ಒಟ್ಟು ಹನ್ನೊಂದು ಪತ್ರ. ಎಂಟು ತಿಂಗಳು ಯಾರೂ ಉತ್ತರಿಸಲಿಲ್ಲ. ಆ ಎಂಟು ತಿಂಗಳಲ್ಲಿ ಮೇಸ್ತ್ರಿಯ ಎಡಗಿವಿ ಪೂರ್ತಿ ಹೋಯಿತು. ಎಂಜಿನ್ನಿಗೆ ಸ್ಕ್ರೂಡ್ರೈವರ್ ತಾಗಿಸಿ ಕೂರುವ ಅರ್ಧ ನಿಮಿಷ, ಒಂದು ನಿಮಿಷವಾಯಿತು. ಆಮೇಲೆ ಎರಡು.

ಅದೇ ಸಮಯದಲ್ಲಿ ಅದಿರಿನ ಲಾರಿಗಳಿಂದ ದಿಢೀರನೆ ಶ್ರೀಮಂತನಾದ ಯುವಕನೊಬ್ಬ ಬಿಳಿ ಕಾರಿನಲ್ಲಿ ಬಂದು ಗಾಡಿ ಕೊಡಿ ಎಂದ. ಹೊಸ ಮನೆಯ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ನಿಲ್ಲಿಸುವುದು ಅವನ ಆಸೆ. ಮೇಸ್ತ್ರಿ ಆಗುವುದಿಲ್ಲವೆಂದರು. ಅವನು ಪಾಟಿ ಇಸಿದುಕೊಂಡು, ಓಡದ ಗಾಡಿ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಬರೆದ.

"ಓಡಂಗಿಲ್ಲ ಅಂದ್ರ ನೀನ್ಯಾಕ ತಗಂತಿ ತಮ್ಮಾ? ಓಡಿದ್ರ ನಾನ್ಯಾಕ ಕೊಡ್ಲಿ?" ಎಂದು ಮೇಸ್ತ್ರಿ ಅದನ್ನು ಒರೆಸಿ ಪಾಟಿಯನ್ನು ಮೊಳೆಗೆ ಹಾಕಿದರು.

ನನಗೆ ಕೇಳುವುದನ್ನು ಕಲಿಸಲು ಶುರು ಮಾಡಿದ್ದು ಆ ದಿನಗಳಲ್ಲೇ. ಯಾಕೆಂದು ಅವರು ಹೇಳಲಿಲ್ಲ. ರಿಪೇರಿಗೆ ಬಂದ ಪ್ರತಿ ಗಾಡಿಗೂ ಸ್ಕ್ರೂಡ್ರೈವರ್ ತಾಗಿಸಿ, ಹಿಡಿಯನ್ನು ನನ್ನ ಕಡೆ ತಿರುಗಿಸುತ್ತಿದ್ದರು. ಬೇರೆಯವರು ಕಚ್ಚಿದ್ದನ್ನು ನಾನು ಹೇಗೆ ಕಚ್ಚಲಿ? ಮೊದಲ ಸಲ ಮನೆಯೊಳಗೆ ಹೋಗಿ ಸೋಪು ಹಚ್ಚಿ ತೊಳೆದು, ಕರವಸ್ತ್ರ ಸುತ್ತಿ ಕಚ್ಚಿದೆ. ಮರಳಿಸಿದಾಗ ಅವರು ಮೂಸಿ ನೋಡಿ, ಸ್ಕ್ರೂಡ್ರೈವರಿಗೆ ಎಣ್ಣೆಸ್ನಾನ ಮಾಡಿಸಿದ್ದೀಯಲ್ಲ ಎಂದರು. ಕರವಸ್ತ್ರ ಸುತ್ತಿದರೆ ಸದ್ದು ಮಬ್ಬಾಗುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಬಿಟ್ಟೆ. ಹಲ್ಲಿನಿಂದ ಕೇಳುವುದು ವಿಚಿತ್ರ ಅನುಭವ. ಸದ್ದು ಹೊರಗಿನಿಂದ ಬರುವುದಿಲ್ಲ, ನಮ್ಮ ತಲೆಯೊಳಗೇ ಹುಟ್ಟಿದಂತಿರುತ್ತದೆ. ಬೇರಿಂಗ್ ಸವೆದದ್ದು ಅಕ್ಕಿ ಕೇರಿದಂತೆ, ಸಡಿಲ ಪಿಸ್ಟನ್ನು ಖಾಲಿ ಡಬ್ಬಿ ತಟ್ಟಿದಂತೆ. ನಾನು ಕೇಳಿದ್ದನ್ನು ಬರೆಯುತ್ತಿದ್ದೆ, ಅವರು ಎಂಜಿನ್ ಬಿಚ್ಚಿ ಸರಿಯೋ ತಪ್ಪೋ ತೋರಿಸುತ್ತಿದ್ದರು. ಕೇಳಿಸದಿದ್ದರೆ ಕೇಳಿಸಲಿಲ್ಲವೆಂದೇ ಬರೆಯಬೇಕು. ಊಹಿಸಿ ಬರೆದದ್ದು ಅವರಿಗೆ ಹೇಗೋ ತಿಳಿದುಬಿಡುತ್ತಿತ್ತು.

ಒಂಬತ್ತನೆಯ ತಿಂಗಳು ಜಪಾನಿನ ಒಬ್ಬ ವೃದ್ಧರಿಂದ ಉತ್ತರ ಬಂತು. ಆ ಬಳಿಕ ಒಂದು ಪಾರ್ಸೆಲ್. ಅವರ ಭಾಷೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿದ ಒಂದು ಪಿಸ್ಟನ್ನು, ಅದರ ರಿಂಗುಗಳು, ಗ್ಯಾಸ್ಕೆಟ್ಟು. ಪ್ರತಿಯಾಗಿ ಅವರು ಕೇಳಿದ್ದು ಗಾಡಿಯ ಒಂದು ಫೋಟೊ. ಮೇಸ್ತ್ರಿ ಫೋಟೊದ ಜೊತೆ ಸಂಡೂರಿನ ಅದಿರಿನ ಒಂದು ಚೂರನ್ನೂ ಕಳಿಸಿದರು. "ನಮ್ಮ ಗುಡ್ಡ ಹಡಗಿನ್ಯಾಗ ಹೆಂಗೂ ಹೋಗಾಕತ್ತೈತಿ. ಒಂದು ಚೂರು ಕೈಯಿಂದ ಕೊಟ್ಟಂಗ ಹೋಗ್ಲಿ" ಎಂದರು.

ಸಿಲಿಂಡರನ್ನು ಹೊಸ ಪಿಸ್ಟನ್ನಿನ ಅಳತೆಗೆ ಕೊರೆಯುವ ಕೆಲಸವನ್ನು ಲೇತಿನವನ ಬಳಿ ತಾವೇ ನಿಂತು ಮಾಡಿಸಿದರು. ಪಿಸ್ಟನ್ನಿಗೂ ಗೋಡೆಗೂ ನಡುವೆ ಎಷ್ಟು ಸಂದು ಬಿಡಬೇಕೆಂದು ಕೈಪಿಡಿ ನೋಡಿ ಬರೆದುಕೊಟ್ಟೆ. ಕೂದಲೆಳೆಯಷ್ಟು. ಅಳೆಯುವ ಸಾಧನ ಇದ್ದರೂ ಅವರಿಗೆ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಬಸಮ್ಮನವರನ್ನು ಕರೆದು ಒಂದು ಕೂದಲು ಕೇಳಿದರು. ಆಕೆ ಜಡೆಯಿಂದ ಒಂದೆಳೆ ಕಿತ್ತು ಕೊಡುತ್ತ ನನ್ನ ಕಡೆ ತಿರುಗಿ ಹೇಳಿದರು, "ಇವ್ರನ್ನ ಕಟಗಂಡು ಉದುರಿದ ಕೂದಲಾ ಕೂಡಿಟ್ಟಿದ್ರ ಹತ್ತು ಎಂಜಿನ್ ಆಗ್ತಿತ್ತು ನೋಡವ್ವ." ಮೇಸ್ತ್ರಿಗೆ ಕೇಳಿಸಲಿಲ್ಲ. ಆದರೆ ಆಕೆಯ ಮುಖ ನೋಡಿ ನಕ್ಕರು. ಕೂದಲು ಸಂದಿನಲ್ಲಿ ಹಗುರವಾಗಿ ಜಾರಿತು.

ಮಹಾಲಯ ಅಮಾವಾಸ್ಯೆಯ ಹಿಂದಿನ ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿ ಮುಗಿದಿತ್ತು. ಮೇಸ್ತ್ರಿ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಅಂಗಿಯೊಳಗೆ ಸೇರಿಸಿ ಬಂದರು. ಬಸಮ್ಮನವರು ಲೋಟದ ನೀರನ್ನು ಟ್ಯಾಂಕಿನ ಮೇಲೆ ಇಟ್ಟರು. ಗಾಡಿ ಎರಡನೆಯ ಪ್ರಯತ್ನಕ್ಕೇ ಶುರುವಾಯಿತು. ಷೆಡ್ಡೆಲ್ಲ ನೀಲಿ ಹೊಗೆ.

ಅವರು ಸ್ಕ್ರೂಡ್ರೈವರ್ ಕಚ್ಚಿ ನಡುವಿನ ಸಿಲಿಂಡರಿಗೆ ತಾಗಿಸಿ ಕೂತರು. ಒಂದು ನಿಮಿಷವಾಯಿತು. ಎರಡಾಯಿತು. ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಕೊನೆಗೆ ಅವರು ಅದನ್ನು ಬಾಯಿಂದ ತೆಗೆದು, ತುಟಿ ಒರೆಸಿಕೊಳ್ಳದೆ ಕೈಯಲ್ಲಿ ಹಿಡಿದು ಕೂತರು.

"ಬರೇ ನಡುಕ ಐತಿ ಯವ್ವ" ಎಂದರು. "ಸದ್ದಿಲ್ಲ."

ಪಿಸ್ಟನ್ ಜಪಾನಿನಿಂದ ಬರುವಷ್ಟರಲ್ಲಿ ಹಲ್ಲಿನಿಂದ ಕೇಳುವುದೂ ಹೋಗಿತ್ತು. ಎಂಜಿನ್ ಓಡುತ್ತಲೇ ಇತ್ತು. ಆಮೇಲೆ ಅವರು ಎದ್ದು ಹೋಗಿ, ಸ್ಕ್ರೂಡ್ರೈವರಿನ ಹಿಡಿಯನ್ನು ತಾವೇ ಸೋಪು ಹಚ್ಚಿ ತೊಳೆದು ತಂದು ನನ್ನ ಕೈಗೆ ಕೊಟ್ಟರು. "ಕೇಳು. ಕೇಳಿದ್ದು ಬರಿ. ನನ್ನ ಮಕಾ ನೋಡಿ ಬರೀಬ್ಯಾಡ."

ಎಡದ್ದನ್ನು ಕೇಳಿದೆ, ಬಲದ್ದನ್ನು ಕೇಳಿದೆ. ಎರಡೂ ಸ್ಪಷ್ಟ. ನಡುವಿನದು ಇತ್ತು, ಉಸಿರಾಡುತ್ತಿತ್ತು. ಆದರೆ ತನ್ನ ಸರದಿಗೆ ಒಂದು ಕ್ಷಣ ತಡವಾಗಿ ಬೀಳುತ್ತಿತ್ತು. ತಲೆ ಎತ್ತಿದಾಗ ಎದುರಿಗೆ ಬಸಮ್ಮನವರು. ಅವರು ನನಗೆ ಮಾತ್ರ ಕೇಳುವಂತೆ, "ಚೊಲೋ ಐತಿ ಅಂತ ಬರದು ಕೊಡವ್ವ, ನಿನ್ ಕಾಲು ಬೀಳ್ತೀನಿ" ಎಂದರು. ಬರೆದುಬಿಡಬಹುದಿತ್ತು. ಈ ಸಲ ಮೇಸ್ತ್ರಿಗೆ ಕೇಳಿ ತಿಳಿಯುವ ದಾರಿ ಇರಲಿಲ್ಲ. ಅದಕ್ಕಿಂತ ಸಣ್ಣ ಕಾರಣಗಳಿಗೆ ನಾನು ಬದುಕಿನಲ್ಲಿ ಸುಳ್ಳು ಹೇಳಿದ್ದೇನೆ.

ಬರೆದೆ: ನಡುವಿನದು ತಡ.

ಮೇಸ್ತ್ರಿ ಓದಿದರು. ಕುಗ್ಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖದ ಮೇಲೆ, ನನ್ನ ಮೊಪೆಡ್ಡಿನ ಕಾಯಿಲೆಯ ಪಟ್ಟಿ ಓದಿದ ಮೊದಲ ದಿನದ ಬೆಳಕು ಬಂತು. "ಎಷ್ಟು ತಡ?" ಎಂದು ಕೇಳಿ, ಆಗಲೇ ಸ್ಪ್ಯಾನರ್ ಹುಡುಕುತ್ತಿದ್ದರು.

ಮೂರು ಸಿಲಿಂಡರಿಗೆ ಕಿಡಿ ಕೊಡುವ ಮೂರು ಪಾಯಿಂಟುಗಳಿದ್ದವು. ಅವುಗಳಲ್ಲಿ ನಡುವಿನದನ್ನು ಅವರು ಕೂದಲೆಳೆಯಷ್ಟು ಸರಿಸುತ್ತಿದ್ದರು. ನಾನು ಕೇಳಿ ಬರೆಯುತ್ತಿದ್ದೆ. ಇನ್ನೂ ತಡ. ಇನ್ನೂ. ಈಗ ಮುಂಚೆ. ಸ್ವಲ್ಪ ಹಿಂದೆ. ಎಂಜಿನ್ ಕಾದಾಗ ಆರಿಸಿ ಕಾಯುವುದು, ಮತ್ತೆ ಶುರು. ತನಗೆ ಕೇಳದ ಸದ್ದನ್ನು ಒಬ್ಬ ಮನುಷ್ಯ ಬೆರಳಿನ ತುದಿಯಿಂದಲೂ ಬೇರೆಯವರ ಎರಡಕ್ಷರದಿಂದಲೂ ಕಟ್ಟುವುದನ್ನು ನಾನು ಅವತ್ತು ಮೂರೂವರೆ ಗಂಟೆ ನೋಡಿದೆ. ಒಮ್ಮೆಯೂ ಅವರು ನನ್ನನ್ನು, ಖರೆ ಹೌದಾ ಎಂದು ಕೇಳಲಿಲ್ಲ. ಯಾರೂ ನನ್ನ ಮಾತನ್ನು ಅಷ್ಟು ನಂಬಿದ್ದಿಲ್ಲ. ನನ್ನ ದವಡೆ ನೋಯುತ್ತಿತ್ತು.

ಆಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ಅದು ಬಂತು. ಮೂರು ಒನಕೆ, ಒಂದು ಒರಳು. ಒಂದು ಏಳುವಾಗ ಇನ್ನೊಂದು ಇಳಿಯುತ್ತಿತ್ತು, ಮೂರನೆಯದು ದಾರಿಯಲ್ಲಿತ್ತು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಹೇಳಲು ಬರುತ್ತಿರಲಿಲ್ಲ. ನನ್ನ ತಲೆಬುರುಡೆಯೊಳಗೆ ಅದು ತುಂಬಿತು. ಹಂಪಿಯ ಕಂಬಗಳ ಮುಂದೆ ನಿಂತ ಆ ಪ್ರಾಯದ ಮೇಸ್ತ್ರಿ ನನಗೆ ಆಗ ಅರ್ಥವಾದರು.

ಬಳಪಕ್ಕೆ ಕೈ ಹಾಕಿದೆ.

"ಬರೀಬ್ಯಾಡ ಯವ್ವ" ಎಂದರು ಮೇಸ್ತ್ರಿ. "ಕಾಣಾಕತ್ತೈತಿ."

ಅವರು ಲೋಟದ ಮೇಲೆ ಬಾಗಿದ್ದರು. ಹಬ್ಬದ ದಿನ ಎರಡೇ ಸಿಲಿಂಡರಿನಲ್ಲಿ ಕುಣಿದು ಚೆಲ್ಲಿದ್ದ ಅದೇ ಲೋಟ. ಅದರ ನೀರಿನ ನಡುವೆ ಈಗ ಒಂದು ಸಣ್ಣ ಉಂಗುರವಿತ್ತು. ಅದು ಅಂಚಿಗೆ ಸರಿಯುತ್ತಿರಲಿಲ್ಲ, ಒಡೆಯುತ್ತಿರಲಿಲ್ಲ, ಯಾರೋ ಇಟ್ಟು ಹೋದಂತೆ ಅಲ್ಲೇ ನಿಂತಿತ್ತು. ಮೇಸ್ತ್ರಿ ಅದನ್ನು ಎಷ್ಟು ಹೊತ್ತು ನೋಡಿದರೋ ತಿಳಿಯದು. ಬಸಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು. ಆಮೇಲೆ ಮೇಸ್ತ್ರಿ ಎಂಜಿನ್ ಆರಿಸಿ, ಲೋಟ ಎತ್ತಿ ನೀರು ಕುಡಿದರು. ಪಾಟಿಯನ್ನು ಮೊಣಕೈಯಿಂದ ಒರೆಸಿದರು.

ಆ ವರ್ಷದ ಆಯುಧಪೂಜೆಗೆ ಗಾಡಿಗೆ ಹೂವು ಬಂತು. ಮುಂದೆ ಅಲ್ಲ, ಹಿಂದಿನ ದೀಪದ ಕೆಳಗೆ, ಒಂದೇ ಮೊಳ. ರಸ್ತೆಯಲ್ಲಿ ನಿಂತಿದ್ದ ಲಾರಿ ಡ್ರೈವರೊಬ್ಬ, "ಹಿಂದಕ ಹಾರ ಹಾಕೀರಲ್ರಿ ಅಯ್ಯನೋರ, ಗಾಡಿ ಹಿಂದಕ ಓಡತೈತೇನು?" ಎಂದು ಛೇಡಿಸಿದ. ಹಿಂದಿನ ಸೀಟಿನಲ್ಲಿ ಕೂತಿದ್ದ ಬಸಮ್ಮನವರು, ಮುಂದೆ ಹಾಕಿದ್ದು ಒಂದು ಸಲಕ್ಕೆ ಸಾಕಾಗಿದೆ, ನೀನು ನಿನ್ನ ಲಾರಿ ನೋಡಿಕೋ ಎಂದರು. ಇಬ್ಬರೂ ಆಕೆಯ ತವರಾದ ಕಂಪ್ಲಿಗೆ ಹೊರಟಿದ್ದರು. ಕಮಲಾಪುರದವರೆಗೆ ನಾನೂ ಮೊಪೆಡ್‌ನಲ್ಲಿ ಹಿಂದೆ ಹೋದೆ. ಕೆರೆ ಏರಿ ದಾಟುತ್ತಲೇ ಗಾಡಿ ಒಂದು ಉಸಿರು ತೆಗೆದುಕೊಂಡಂತೆ ಮುಂದೆ ಹೋಯಿತು. ಕಬ್ಬಿನ ಗದ್ದೆಗಳಾಚೆ ಮರೆಯಾದ ಮೇಲೂ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆ ರಸ್ತೆಯಲ್ಲಿ ಅದನ್ನು ಕೇಳಲಾಗದವರೆಂದರೆ ಅದನ್ನು ಓಡಿಸುತ್ತಿದ್ದವರೊಬ್ಬರೇ.

ಮರುವರ್ಷ ನನಗೆ ಬೀದರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಹೇಳಿ ಹೋಗಲು ಷೆಡ್ಡಿಗೆ ಹೋದೆ. ಪಾಯಿಂಟುಗಳನ್ನು ವರ್ಷಕ್ಕೊಮ್ಮೆ ಕೇಳಿ ಸರಿಪಡಿಸಬೇಕಿತ್ತು. ಪಾಟಿಯ ಮೇಲೆ ಬರೆದೆ: ದಸರಾಕ್ಕೆ ಬರುತ್ತೇನೆ. ನಡುವಿನದನ್ನು ಆಗ ಕೇಳೋಣ. ಅವರು ಓದಿ, ಆಗಲಿ ಎಂದು ತಲೆಯಾಡಿಸಿ, ಪಾಟಿಯನ್ನು ಹಾಗೇ ಮೊಳೆಗೆ ಹಾಕಿದರು.

ಆ ದಸರಾಕ್ಕೆ ನಾನು ಹೋಗಲಿಲ್ಲ. ಪರೀಕ್ಷೆಯ ಕೆಲಸವಿತ್ತು. ಮನಸ್ಸು ಮಾಡಿದ್ದರೆ ಹೋಗಬಹುದಿತ್ತು ಎನ್ನುವುದೂ ನಿಜ. ಕಾರ್ತಿಕದಲ್ಲಿ ಮೇಸ್ತ್ರಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನನಗೆ ಸುದ್ದಿ ತಲುಪಿ, ನಾನು ಹೊಸಪೇಟೆ ತಲುಪುವಾಗ ಹದಿನೈದು ದಿನಗಳಾಗಿದ್ದವು.

ಷೆಡ್ಡಿನಲ್ಲಿ ಗಾಡಿ ಜಮಖಾನ ಹೊದ್ದು ನಿಂತಿತ್ತು. ಮೊಳೆಯ ಮೇಲೆ ಪಾಟಿ. ಅದರ ಮೇಲೆ ನನ್ನ ಅಕ್ಷರ, ಒಂದೂ ಅಳಿಸದೆ.

"ಹಬ್ಬಕ್ಕ ಗಾಡಿ ಶುರು ಮಾಡ್ಲೇ ಇಲ್ಲ" ಎಂದರು ಬಸಮ್ಮನವರು. "ಕೇಳೋಕಿ ಬರ್ಲಿ ಅಂದ್ರು. ನಾ ಪಾಟಿ ಒರಸಾಕ ಹೋದ್ರ, ಬ್ಯಾಡ, ಆ ಕೆಲಸ ಇನ್ನೂ ಐತಿ ಅಂದ್ರು."

ನಾನು ಜಮಖಾನ ತೆಗೆದೆ. ಬಸಮ್ಮನವರು ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಟ್ಯಾಂಕಿನ ಮೇಲೆ ಇಟ್ಟರು. ಗಾಡಿ ಶುರು ಮಾಡಿದೆ. ಸ್ಕ್ರೂಡ್ರೈವರ್ ಅದರ ಜಾಗದಲ್ಲೇ ಇತ್ತು. ಹಿಡಿಯನ್ನು ತೊಳೆಯಲಿಲ್ಲ. ಅವರ ಹಲ್ಲಿನ ಗುರುತಿನ ಮೇಲೆ ನನ್ನ ಹಲ್ಲು ಇಟ್ಟೆ. ನಡುವಿನದು ತುಸು ತಡವಾಗಿ ಬೀಳುತ್ತಿತ್ತು. ಸ್ಪ್ಯಾನರನ್ನು ನಾನು ಅದುವರೆಗೆ ಕೈಯಲ್ಲಿ ಹಿಡಿದವಳಲ್ಲ. ಅವರಾಗಿದ್ದರೆ ಹತ್ತು ನಿಮಿಷದ ಕೆಲಸ. ನನಗೆ ಸಂಜೆಯಾಯಿತು.

ಲೋಟದ ನೀರಿನ ನಡುವೆ ಆ ಉಂಗುರ ಬಂದು ನಿಂತ ಮೇಲೆ ಎಂಜಿನ್ ಆರಿಸಿದೆ. ನೀರನ್ನು ಬಸಮ್ಮನವರಿಗೆ ಕೊಡಹೋದೆ. ಅವರು ತಲೆಯಾಡಿಸಿ ನನ್ನ ಕಡೆ ತಳ್ಳಿದರು. ಕುಡಿದೆ. ಪಾಟಿಯನ್ನು ಮೊಳೆಯಿಂದ ಇಳಿಸಿ, ಎಡ ಮೊಣಕೈಯಿಂದ ಒರೆಸಿ, ಮತ್ತೆ ಮೊಳೆಗೆ ಹಾಕಿದೆ.